ಬೇಡ ಅನ್ನುವ ಸರದಿ

ಜೆರಾಲ್ಡ್‌ಟನ್
೧೪ ಏಪ್ರಿಲ್ ೧೯೯೮

ಬ್ರೋಡಿ,

ನಾನು ದ್ವೀಪ ಬಿಟ್ಟು ಬಂದು ಎಂಟು ದಿನವಾಯಿತು. ಈ ಎಂಟು ದಿನದಲ್ಲಿ ನೀನು ರೇಡಿಯೊದಲ್ಲಿ ಮೂರು ಸಲ ಕರೆದೆ. ಮೂರು ಸಲವೂ "ಹೇಗಿದ್ದೀಯ, ಓವರ್" ಎಂದೆ. ನಾನು "ಚೆನ್ನಾಗಿದ್ದೀನಿ, ಓವರ್" ಎಂದೆ. ಅಲ್ಲಿ ನಲವತ್ತು ದೋಣಿಯವರು ಕೇಳಿಸಿಕೊಳ್ಳುತ್ತಿರುತ್ತಾರೆ. ಇಲ್ಲಿ ನಿನ್ನ ಯಜಮಾನ ನುನ್ಸಿಯೊನ ಹೆಂಡತಿ ರೊಸಾಲ್ಬಾ ರೇಡಿಯೊದ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತ ನಿಂತಿರುತ್ತಾಳೆ. ಹಾಗಿರುವಾಗ ಗಂಡಹೆಂಡಿರು ಇನ್ನೇನು ಮಾತಾಡಲು ಆಗುತ್ತದೆ? ಅದಕ್ಕೇ ಈ ಕಾಗದ. ಲಕೋಟೆ ಅಂಟಿಸಿ ಸರಕಿನ ದೋಣಿಯವನ ಕೈಯಲ್ಲಿ ಕೊಡುತ್ತೇನೆ.

ನಾನು ಹದಿನೈದಕ್ಕೆ ಶಾಲೆ ಬಿಟ್ಟವಳು. ಕಾಗದ ಬರೆದು ಅಭ್ಯಾಸವಿಲ್ಲ. ಸುಳ್ಳು ಬರೆದೂ ಅಭ್ಯಾಸವಿಲ್ಲ. ಆವತ್ತು ನಡೆದದ್ದನ್ನು ನನಗೆ ನೆನಪಿದ್ದ ಹಾಗೆ ಬರೆಯುತ್ತೇನೆ. ನಿನ್ನ ನೆನಪು ಬೇರೆ ಇದ್ದರೆ ತಿದ್ದು.

ಶನಿವಾರ ಗಾಳಿ ಜೋರಿತ್ತು, ಯಾವ ದೋಣಿಯೂ ಹೊರಡಲಿಲ್ಲ. ಮಧ್ಯಾಹ್ನ ನಾವಿಬ್ಬರೂ ನಮ್ಮ ಬಿಡಾರದ ಶೆಡ್ಡಿನಲ್ಲಿದ್ದೆವು. ಆ ಕಾದಂಬರಿಯನ್ನು ಹಳೇ ಸಾಮಾನಿನ ಅಂಗಡಿಯಿಂದ ತಂದವಳು ನಾನು. ಪುಟ ಮಡಿಸಿ ನಿನ್ನ ಕೈಗೆ ಕೊಟ್ಟವಳೂ ನಾನು. "ಹಿಂಗೆ ಮಾಡೋಣ" ಎಂದದ್ದೂ ನಾನೇ. ಅದರಲ್ಲಿ ನಿನ್ನ ತಪ್ಪಿಲ್ಲ. ಕಾದಂಬರಿಯಲ್ಲಿ ರೇಷ್ಮೆಯ ಪಟ್ಟಿ ಇತ್ತು, ನಮ್ಮಲ್ಲಿ ಸಿಗಡಿ ಹಿಡಿಯುವ ಬುಟ್ಟಿಗೆ ಕಟ್ಟುವ ಹೊಸ ಹಗ್ಗ ಇತ್ತು. ನೀನು ನನ್ನ ಎರಡು ಕೈಗಳನ್ನು ಮಂಚದ ಕಬ್ಬಿಣಕ್ಕೆ ಕಟ್ಟಿದೆ. ನಾನು ಮಿಸುಕಿದಷ್ಟೂ ಅದು ಬಿಗಿಯಿತು. ಬೆರಳು ಮರಗಟ್ಟಿತು. "ಬಿಚ್ಚು" ಎಂದೆ. ನೀನು ಮೊದಲ ಸಲ ನಕ್ಕೆ. ಎರಡನೆಯ ಸಲ ನನ್ನ ಮುಖ ನೋಡಿ ನಿಲ್ಲಿಸಿದೆ.

ನನ್ನ ಪ್ರಶ್ನೆ ಅಲ್ಲಿಂದ ಮುಂದಿನದು. ಚಾಕು ನಿನ್ನ ಸೊಂಟದಲ್ಲೇ ಇತ್ತು. ನೀನು ಅದನ್ನು ತೆಗೆಯಲಿಲ್ಲ. ಗಂಟು ಬಿಡಿಸುವ ಕಬ್ಬಿಣದ ಮೊಳೆ ಹುಡುಕಿ ತಂದು, ಮಂಡಿಯೂರಿ ಕೂತು, ಒಂದೊಂದೇ ಎಳೆ ಸಡಿಲಿಸಿದೆ. ನಾನು ಅಳುತ್ತಿದ್ದೆ. ನೀನು "ಒಂದ್ನಿಮಿಷ, ಒಂದ್ನಿಮಿಷ" ಎನ್ನುತ್ತಿದ್ದೆ. ಅದು ಒಂದು ನಿಮಿಷವಲ್ಲ. ಕೆಟಲ್ ಒಲೆಯ ಮೇಲಿತ್ತು, ಅದು ಕೂಗಿ ಕೂಗಿ ನೀರು ಬತ್ತಿತು.

ಹಗ್ಗ ಯಾಕೆ ಕತ್ತರಿಸಲಿಲ್ಲ?

ಇದಕ್ಕೆ ಉತ್ತರ ಬರುವವರೆಗೆ ನಾನು ದ್ವೀಪಕ್ಕೆ ಬರುವುದಿಲ್ಲ. ಬಲಗೈ ಹೆಬ್ಬೆರಳು ಇನ್ನೂ ಜುಮ್ಮೆನ್ನುತ್ತಿದೆ. ಅಕ್ಷರ ವಕ್ರವಾಗಿರುವುದು ಅದಕ್ಕೆ.

ಟೆಗನ್


ದ್ವೀಪ
೧೯ ಏಪ್ರಿಲ್

ಟೆಗ್,

ಕಾಗದ ಸಿಕ್ಕಿತು. ಹೆಬ್ಬೆರಳು ಯಾರಿಗಾದರೂ ತೋರಿಸು.

ಇಲ್ಲಿ ಗಾಳಿ ತಗ್ಗಿದೆ. ಬುಧವಾರ ಹನ್ನೊಂದು ಚೀಲ ಕ್ರೇ ಸಿಗಡಿ, ಗುರುವಾರ ಒಂಬತ್ತು. ನುನ್ಸಿಯೊಗೆ ಖುಷಿ, ಅಂದರೆ ದಿನಕ್ಕೆ ಎರಡೇ ಸಲ ಬಯ್ಯುತ್ತಾನೆ. ಈಸ್ಟರ್ ರಜೆಗೆ ಬಂದಿದ್ದ ಮಕ್ಕಳೆಲ್ಲ ನಾಳೆ ವಾಪಸ್ಸು ಹೋಗುತ್ತವೆ. ನಮ್ಮ ಶೆಡ್ಡಿನ ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ. ಹೊಸದು ಶುಕ್ರವಾರದ ದೋಣಿಗೆ ಹಾಕಿಸಿದ್ದೇನೆ ಎಂದು ನುನ್ಸಿಯೊ ಹೇಳಿದ. ರೆಗ್ಯುಲೇಟರ್ ಕೂಡ ಸೋರುತ್ತಿರಬಹುದು. ಸೋಪಿನ ನೀರು ಹಾಕಿ ನೋಡಿದೆ, ಗುಳ್ಳೆ ಬರಲಿಲ್ಲ. ಅಲ್ಲಿಯವರೆಗೆ ನುನ್ಸಿಯೊ ಒಲೆಯಲ್ಲೇ ನನ್ನ ಅಡುಗೆ.

ನೀನು ಕೇಳಿದ್ದರ ಬಗ್ಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ತಪ್ಪಾಯಿತು. ನಿನಗೆ ಅನಿಸಿದಾಗ ಬಾ.

ಬ್ರೋಡಿ


ಜೆರಾಲ್ಡ್‌ಟನ್
೨೩ ಏಪ್ರಿಲ್

ಬ್ರೋಡಿ,

ಗ್ಯಾಸ್ ಸಿಲಿಂಡರ್ ಬಗ್ಗೆ ಐದು ಸಾಲು ಬರೆದಿದ್ದೀಯ. ನನ್ನ ಬಗ್ಗೆ ಮೂರು. ನಾನು ಎರಡು ಸಲ ಎಣಿಸಿದೆ.

ಹೆಬ್ಬೆರಳು ತೋರಿಸಿದೆ. ಆರೋಗ್ಯ ಕೇಂದ್ರದಲ್ಲಿ ವೆರ್ನಾ ಎಂಬ ನರ್ಸ್ ಇದ್ದಾಳೆ. ಅರವತ್ತರ ಹತ್ತಿರ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾಳೆ. ನನ್ನ ಮಣಿಕಟ್ಟು ತಿರುಗಿಸಿ ನೋಡಿ ಕೇಳಿದಳು.

"ಹಗ್ಗ ಬಿಗಿದಿತ್ತಾ?"

"ಹೂಂ."

"ದೋಣಿ ಮೇಲಾ?"

"ಹಾಸಿಗೆ ಮೇಲೆ."

ಅವಳು ಪೆನ್ನು ಕೆಳಗಿಡಲಿಲ್ಲ. "ನಿನ್ನಿಷ್ಟದಿಂದಾನಾ?"

"ನಾನೇ ಕೇಳಿದ್ದು."

"ಸರಿ ಹಾಗಾದ್ರೆ. ಇಲ್ಲ ಅಂದಿದ್ರೆ ಬೇರೆ ಫಾರಂ ತೆಗೀತಿದ್ದೆ." ನನ್ನ ಬೆರಳನ್ನು ಒಂದೊಂದಾಗಿ ಮಡಿಸಿ ನೋಡಿದಳು. "ನರ ಒತ್ತಿದೆ, ಒಂದು ತಿಂಗಳಲ್ಲಿ ಸರಿಹೋಗುತ್ತೆ. ಈ ಊರಲ್ಲಿ ಇಂಥ ಮಣಿಕಟ್ಟು ನೋಡ್ತಿರೋದು ಇದೇ ಮೊದಲಲ್ಲ ಕಣಮ್ಮ. ನಿಮ್ಮ ಗಂಡಸರಿಗೆ ಬಿಗಿಯೋ ಗಂಟು ಮಾತ್ರ ಬರುತ್ತೆ. ಬಿಡೋ ಗಂಟು ಯಾರೂ ಕಲಿಸಿಲ್ಲ."

ಆಮೇಲೆ ಲಸಿಕೆ ಚುಚ್ಚುವಾಗ ಹೇಳುವ ಸ್ವರದಲ್ಲೇ ಹೇಳುತ್ತ ಹೋದಳು. "ಹಗ್ಗ ಅಲ್ಲ, ಮೆತ್ತನೆ ಬಟ್ಟೆ. ಒಳಗೆ ಎರಡು ಬೆರಳು ಹೋಗೋಷ್ಟು ಜಾಗ. ಕೈಗೆ ಎಟಕೋ ಕಡೆ ಕತ್ತರಿ. ಕುಡಿದಿರಬಾರದು. ಕಟ್ಟಿ ಹಾಕಿ ಆಚೆ ಹೋಗಬಾರದು, ಬಾಗಿಲು ಯಾರೇ ತಟ್ಟಲಿ. ಒಂದು ಮಾತು ಮೊದಲೇ ಗೊತ್ತುಮಾಡ್ಕೊಂಡಿರಿ. ಅದು ಬಾಯಿಂದ ಬಂತಾ, ಎಲ್ಲ ನಿಲ್ಲಬೇಕು, ಯಾಕೆ ಅಂತ ಕೇಳಂಗಿಲ್ಲ. ಮುಗಿದ ಮೇಲೆ ಅವನು ಎದ್ದು ಬುಟ್ಟಿ ರಿಪೇರಿಗೆ ಕೂರೋದಲ್ಲ, ಒಂದು ಕಪ್ ಟೀ ಮಾಡ್ಕೊಟ್ಟು ಪಕ್ಕದಲ್ಲಿ ಕೂರ್ಲಿ."

"ಕಾದಂಬರೀಲಿ ಇದ್ಯಾವುದೂ ಇಲ್ಲ," ಎಂದೆ.

"ಕಾದಂಬರೀಲಿ ಯಾರಿಗೂ ಉಚ್ಚೆನೂ ಬರಲ್ಲ," ಎಂದಳು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದು ಹೊಳೆಯಿತು. ಅದನ್ನು ಬರೆಯದಿದ್ದರೆ ಮೊದಲ ಕಾಗದ ಅರ್ಧ ಸುಳ್ಳಾಗುತ್ತದೆ. ಆ ಪುಟದಲ್ಲಿ ಹೆಂಗಸು "ಬೇಡ, ಬಿಡು" ಎನ್ನುತ್ತಲೇ ಇರುತ್ತಾಳೆ, ಗಂಡಸು ಬಿಡುವುದಿಲ್ಲ, ಅವಳಿಗೆ ಬೇಕಾಗಿರುವುದೂ ಅದೇ. ನಾನು ನಿನಗೆ ಹೇಳಿದ್ದೆ: "ನಾನು ಬೇಡ ಅಂದ್ರೂ ನಿಲ್ಲಿಸಬೇಡ, ಅದೇ ಮಜಾ." ಹಾಗೆ ಹೇಳಿ ಹತ್ತು ನಿಮಿಷಕ್ಕೆ "ಬಿಚ್ಚು" ಎಂದರೆ ನಿನಗೆ ಹೇಗೆ ಗೊತ್ತಾಗಬೇಕು? ನಿಜವಾದ "ಬಿಚ್ಚು" ಅನ್ನುವುದಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಮೊದಲ ಸಲ ನೀನು ನಕ್ಕೆ ಎಂದು ದೂರಿದ್ದನ್ನು ನಾನು ವಾಪಸ್ಸು ತೆಗೆದುಕೊಳ್ಳುತ್ತೇನೆ.

ಚಾಕುವಿನ ಪ್ರಶ್ನೆ ಹಾಗೇ ಇದೆ.

ಟೆಗನ್


ದ್ವೀಪ
೨ ಮೇ

ಟೆಗ್,

ಚಾಕುವಿನ ಪ್ರಶ್ನೆಗೆ ಉತ್ತರ. ನಾಲ್ಕು ಸಲ ಬರೆದು ಹರಿದೆ.

ನಾನು ಡೆಕ್ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಬುಟ್ಟಿಯ ಹಗ್ಗ ಸಿಕ್ಕುಬಿದ್ದಿತ್ತು. ಚಾಕು ತೆಗೆದು ಕತ್ತರಿಸಿದೆ. ನುನ್ಸಿಯೊ ಎಂಜಿನ್ ನಿಲ್ಲಿಸಿ ಹೊರಗೆ ಬಂದ. "ಲೇ, ಕೈಯಲ್ಲಿ ಬೆರಳಿಲ್ವೇನೋ? ನನ್ನ ದೋಣೀಲಿ ಹಗ್ಗ ಕತ್ತರಿಸೋನು ನಾನು ಸತ್ತ ಮೇಲೆ ಬರ್ತಾನೆ!" ನನ್ನ ಚಾಕು ಕಿತ್ತುಕೊಂಡ. ಒಂದು ತಿಂಗಳು ಕೊಡಲಿಲ್ಲ. ದೋಣಿಯಲ್ಲಿದ್ದ ಹಳೇ ಗಂಟುಗಳನ್ನೆಲ್ಲ ಮುಂದೆ ಸುರಿದು ಬಿಚ್ಚಿಸಿದ. ಉಗುರು ಕಿತ್ತುಬಂದವು. ಅದಾಗಿ ಐದು ವರ್ಷ. ಈಗ ಹಗ್ಗ ಬಿಗಿದಿರುವುದನ್ನು ಕಂಡರೆ ಕೈ ತಾನಾಗಿ ಮೊಳೆಯ ಕಡೆಗೆ ಹೋಗುತ್ತದೆ.

ಆವತ್ತು ನನ್ನ ಕೈ ಚಾಕುವಿನ ಮೇಲಿಂದಲೇ ಹಾದು ಹೋಯಿತು. ಚಾಕು ಸೊಂಟದಲ್ಲಿದೆ ಎನ್ನುವುದು ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ನಿನಗಿಂತ ಹಗ್ಗ ದೊಡ್ಡದು ಎಂದು ನಾನು ಎಣಿಸಲಿಲ್ಲ. ಎಣಿಸಲೇ ಇಲ್ಲ, ಅದೇ ತಪ್ಪು. ನೀನು ಅಳುತ್ತಿದ್ದೆ, ನಾನು ಡೆಕ್ಕಿನ ಮೇಲಿದ್ದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ.

ಬ್ರೋಡಿ


ಜೆರಾಲ್ಡ್‌ಟನ್
೭ ಮೇ

ಬ್ರೋಡಿ,

ಉತ್ತರ ಸಿಕ್ಕಿತು. ನಿಜ ಎನ್ನುವುದು ಗೊತ್ತಾಗುತ್ತದೆ. ಆ ಪ್ರಶ್ನೆಯನ್ನು ಇನ್ನು ಕೇಳುವುದಿಲ್ಲ.

ಆದರೂ ನಾನು ಆ ಕಾದಂಬರಿಯನ್ನು ಎಸೆದಿಲ್ಲ. ಎಸೆದೆ ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಮೊನ್ನೆ ಮತ್ತೆ ಓದಿದೆ, ಮತ್ತೆ ಇಷ್ಟವಾಯಿತು. ನನಗೆ ಇಪ್ಪತ್ಮೂರು, ನಿನಗೆ ಇಪ್ಪತ್ತಾರು, ಮದುವೆಯಾಗಿ ಎರಡು ವರ್ಷ. ಈ ಎರಡು ವರ್ಷದಲ್ಲಿ ನಾನು ಏಳು ಕೆಲಸ ಬಿಟ್ಟಿದ್ದೇನೆ. ಒಂದೇ ಥರ ಇರುವುದು ನನ್ನಿಂದ ಆಗುವುದಿಲ್ಲ, ಅದು ನಿನಗೆ ಗೊತ್ತಿದ್ದೇ ಕಟ್ಟಿಕೊಂಡೆ. ನನಗೆ ಬೇಕಾಗಿರುವುದು ಬೇಕು. ಪೆಟ್ಟಾಗದ ಹಾಗೆ ಬೇಕು, ಅಷ್ಟೇ.

ಕೈ ತೋರಿಸಲು ಹೋದಾಗ ವೆರ್ನಾ ಒಂದು ಉಪಾಯ ಹೇಳಿದಳು. ಒಂದು ಹಾಳೆಯಲ್ಲಿ ಏನೇನು ಮನಸ್ಸಿನಲ್ಲಿದೆಯೋ ಅದನ್ನೆಲ್ಲ ಬರೆಯುವುದು. ಪಕ್ಕದಲ್ಲಿ ಮೂರು ಮನೆ: ಬೇಕು, ನೋಡೋಣ, ಬೇಡ. ಇಬ್ಬರೂ ಬೇರೆ ಬೇರೆ ಕೂತು ಗುರುತು ಹಾಕುವುದು. ಆಮೇಲೆ ತಾಳೆ ನೋಡುವುದು. "ಮಾತಾಡೋಕೆ ನಾಚಿಕೆ ಪಡೋರು ಪೆನ್ನು ಹಿಡಿದ್ರೆ ಕೋಳಿ ಥರ ಕೊಕ್ಕೊಕ್ಕೋ ಅಂತಾರೆ," ಎಂದಳು.

ಕಾದಂಬರಿಯಿಂದ ನಾನು ಹದಿನೇಳು ತೆಗೆದಿದ್ದೇನೆ. ನಕಲು ಇದರ ಜೊತೆ ಇದೆ. ಬಾಗಿಲು ಹಾಕಿಕೊಂಡು ಓದು. ನನ್ನ ಹಾಳೆ ತುಂಬಿ ಮಡಿಸಿಟ್ಟಿದ್ದೇನೆ. ಅದರಲ್ಲಿ ಐದು "ಬೇಡ" ಇವೆ. ಕಾದಂಬರಿಯಲ್ಲಿ ಓದುವಾಗ ಚೆನ್ನಾಗಿದ್ದು, ನನ್ನ ಮೈಮೇಲೆ ಊಹಿಸಿಕೊಂಡರೆ ಬೇಡ ಅನ್ನಿಸಿದವು.

ನಿಲ್ಲಿಸುವ ಮಾತು: ಬೀಟ್‌ರೂಟ್. ಆ ಹೊತ್ತಿನಲ್ಲಿ ಬೇರೆ ಯಾವ ಕಾರಣಕ್ಕೂ ಅದು ನಮ್ಮ ಬಾಯಿಗೆ ಬರುವುದಿಲ್ಲ. ಬೇರೆ ಸಲಹೆ ಇದ್ದರೆ ಬರೆ.

ಟೆಗನ್


ದ್ವೀಪ
೧೬ ಮೇ

ಟೆಗ್,

ಹಾಳೆ ಇದರ ಜೊತೆ ಇದೆ. ಬೀಟ್‌ರೂಟ್ ಆಗಬಹುದು.

ನಿನಗೇನು ಇಷ್ಟವೋ ನನಗೂ ಅದೇ ಇಷ್ಟ. ಬೇಗ ಬಾ. ಶೆಡ್ಡು ಗುಡಿಸಿದ್ದೇನೆ.

ಬ್ರೋಡಿ


ಜೆರಾಲ್ಡ್‌ಟನ್
೨೦ ಮೇ

ಬ್ರೋಡಿ,

ಹದಿನೇಳಕ್ಕೂ "ಬೇಕು" ಎಂದು ಗುರುತು ಹಾಕಿದ್ದೀಯ. ಮೇಲಿಂದ ಕೆಳಗೆ ಒಂದೇ ಗೆರೆ ಎಳೆದ ಹಾಗಿದೆ. ಹನ್ನೆರಡನೆಯದೂ ಹದಿನಾಲ್ಕನೆಯದೂ ಒಂದಕ್ಕೊಂದು ತದ್ವಿರುದ್ಧ. ಎರಡಕ್ಕೂ ಬೇಕು. ನೀನು ಓದಿದ್ದೀಯ ಎಂದೇ ನನಗೆ ಅನುಮಾನ.

ನೀನು ಊಟದ ತಟ್ಟೆಗೆ ಹದಿನೇಳು ಪದಾರ್ಥ ಹಾಕಿದರೆ ಒಂಬತ್ತನ್ನು ಅಂಚಿಗೆ ತಳ್ಳುವವನು. ಟೊಮೇಟೊ ಬೀಜ ತೆಗೆದು ತಿನ್ನುವವನು. ಇಲ್ಲಿ ಒಂದನ್ನೂ ತಳ್ಳಲಿಲ್ಲವೆಂದರೆ ನಾನು ನಂಬಬೇಕೆ? ನನ್ನನ್ನು ಖುಷಿಪಡಿಸಲು ಹಾಕಿದ್ದು. ಆವತ್ತು ಮಧ್ಯಾಹ್ನವೂ ನೀನು "ಸರಿ" ಎಂದದ್ದು ಹೀಗೆಯೇ ಇರಬೇಕು ಎಂದು ಈಗ ಅನ್ನಿಸುತ್ತಿದೆ. ನನಗೆ ಆ ಹಗ್ಗಕ್ಕಿಂತ ಇದು ಹೆಚ್ಚು ಹೆದರಿಕೆ ತರಿಸುತ್ತದೆ. "ಬೇಡ" ಎನ್ನಲು ಬಾರದವನ "ಬೇಕು" ಎಷ್ಟು ನಿಜ ಎಂದು ನಾನು ಯಾವುದರಿಂದ ಅಳೆಯಲಿ?

ಒಂದು ವಿಷಯ ಬಚ್ಚಿಡದೆ ಹೇಳುತ್ತೇನೆ. ನನ್ನ ಹಳೇ ಗೆಳತಿ ಕರ್ಸ್ಟಿ ಫೋನ್ ಮಾಡಿದ್ದಳು. ಉತ್ತರಕ್ಕೆ, ಕಾರ್ನಾರ್‌ವನ್ ಹತ್ತಿರ, ಲಾರಿಗಳು ನಿಲ್ಲುವ ಹೆದ್ದಾರಿ ಹೋಟೆಲಿನಲ್ಲಿ ಅವಳ ಜೊತೆ ಕೆಲಸ ಖಾಲಿ ಇದೆಯಂತೆ. ಮಲಗಲು ಕೋಣೆಯೂ ಉಂಟು. "ಬಾರೇ, ಆ ಮೀನುಗಾರನ್ನ ಒಂದು ಸೀಸನ್ ಒಣಗಿಸು," ಎಂದಳು. ನಾನು ನಗಲಿಲ್ಲ. ಜೂನ್ ಹತ್ತರೊಳಗೆ ಹೇಳುತ್ತೇನೆ ಎಂದಿದ್ದೇನೆ. ಹೋದರೆ ಒಂದು ಸೀಸನ್ನಿಗೆ ಎಂದು ಹೋಗುವವಳಲ್ಲ ನಾನು, ನಿನಗೆ ಗೊತ್ತು.

ಖಾಲಿ ಹಾಳೆ ಮತ್ತೊಂದು ಕಳಿಸಿದ್ದೇನೆ.

ಟೆಗನ್


ಜೆರಾಲ್ಡ್‌ಟನ್
೩೧ ಮೇ

ಬ್ರೋಡಿ,

ಮೂರು ದೋಣಿ ಬಂದು ಹೋದವು. ಮೂರಕ್ಕೂ ದೋಣಿ ಕಟ್ಟುವ ಧಕ್ಕೆಗೆ ಹೋಗಿ ನಿಂತೆ. ದೋಣಿಯವನು, "ನಿಂಗೇನೂ ಇಲ್ಲಮ್ಮ, ಬರೀ ಸಿಗಡಿ" ಎಂದ.

ಟೆಗನ್


ದ್ವೀಪ
೫ ಜೂನ್

ಟೆಗ್,

ನಾನು ಬರೆಯುವುದು ನಿಧಾನ, ಓದುವುದು ಇನ್ನೂ ನಿಧಾನ. ಆ ಕಾದಂಬರಿಯನ್ನು ನೀನು ಅರ್ಧ ದಿನದಲ್ಲಿ ಓದಿದೆ. ನೀನು ಮಡಿಸಿದ ಪುಟದ ಹಿಂದುಮುಂದು ಓದದೆ ಅದು ನನಗೆ ಅರ್ಥವಾಗಿರಲಿಲ್ಲ, ಕೇಳಲು ನಾಚಿಕೆಯಾಗಿತ್ತು. ಹೂಂ ಎಂದುಬಿಟ್ಟೆ. ಹಾಳೆಯಲ್ಲೂ ಅದೇ ಮಾಡಿದೆ. ನೀನು ಹಿಡಿದುಹಾಕಿದೆ.

ಈ ಸಲ ಒಂದೊಂದನ್ನೇ ಓದಿದೆ. ಕೆಲವಕ್ಕೆ ಒಂದೊಂದು ದಿನವೇ ಆಯಿತು. ನುನ್ಸಿಯೊ ಕೇಳಿದ, "ಏನೋ ಅದು, ಸಂಜೆಯೆಲ್ಲ ಹಾಳೆ ಹಿಡ್ಕೊಂಡು ಕೂತಿರ್ತೀಯಲ್ಲ, ಪರೀಕ್ಷೆ ಕಟ್ಟಿದ್ದೀಯಾ?" ಹೂಂ ಎಂದೆ.

ಆವತ್ತು ನಿನಗಿಂತ ಮೊದಲೇ ನನಗೆ ನಿಲ್ಲಿಸಬೇಕು ಅನ್ನಿಸಿತ್ತು. ಮೊದಲ ಕೈ ಕಟ್ಟಿದ ಕೂಡಲೇ. ಬೆಳಗ್ಗೆ ನಾಲ್ಕಕ್ಕೆ ಎದ್ದು ನೂರು ಬುಟ್ಟಿ ಕಟ್ಟುವವನು ನಾನು. ನಿನಗೆ ಅದು ಕಾದಂಬರಿ, ನನಗೆ ಕೆಲಸ. ಗಂಟು ಹಾಕುವಾಗ ನಿನ್ನ ಮಣಿಕಟ್ಟು ನೋಡುತ್ತಿರಲಿಲ್ಲ, ಗಂಟು ನೋಡುತ್ತಿದ್ದೆ. ಅದು ಗೊತ್ತಾಗಿ ಮೈ ತಣ್ಣಗಾಯಿತು. ಹೇಳಬೇಕಿತ್ತು. ಕಾದಂಬರಿಯ ಗಂಡಸು ನಿಲ್ಲಿಸುವುದಿಲ್ಲ, ನಾನು ನಿಲ್ಲಿಸಿದರೆ ನಿನಗೆ ಬೇಸರವಾಗುತ್ತದೆ, ಏಳು ಕೆಲಸ ಬಿಟ್ಟ ಹಾಗೆ ಎಂಟನೆಯದಾಗಿ ನನ್ನನ್ನೂ ಬಿಡುತ್ತೀಯ ಎಂದುಕೊಂಡೆ. ನಿಲ್ಲಿಸುವ ಮಾತು ಹೆಂಗಸಿಗೆ ಮಾತ್ರ ಎಂದುಕೊಂಡಿದ್ದೆ. ನರ್ಸಮ್ಮ ಹಾಗೆ ಹೇಳಿಲ್ಲವಲ್ಲ?

ಹಾಳೆಯಲ್ಲಿ ನಾಲ್ಕು "ಬೇಡ" ಇವೆ.

ಒಂದು, ಹಗ್ಗ. ಬಟ್ಟೆಯೂ ಬೇಡ. ಯಾವುದನ್ನೂ ನಾನು ಕಟ್ಟುವುದಿಲ್ಲ.

ಎರಡು, ಮಾತಾಡದ ಗಂಡಸು. ನೀನು ಕೊಟ್ಟ ಪುಟದಲ್ಲೂ ಈ ಹಾಳೆಯಲ್ಲೂ ಅವನು ಒಂದು ಸಲವೂ ಏನನ್ನೂ ಕೇಳುವುದಿಲ್ಲ. ಡೆಕ್ಕಿನ ಮೇಲೆ ಹಾಗಿದ್ದರೆ ಯಾರದಾದರೂ ಕಾಲು ಹೋಗುತ್ತದೆ.

ಮೂರು, ನೀನು "ಬೇಡ" ಎಂದಾಗ ನಾನು ಕೇಳಿಸದ ಹಾಗೆ ಮಾಡುವ ಆಟ. ನಿಲ್ಲಿಸುವ ಮಾತು ಇದ್ದರೂ ಬೇಡ. ಅದು ನಿನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಎಂದು ಗೊತ್ತು, ಆ ಪುಟದ ಮೂಲೆ ಸವೆದಿತ್ತು. ಆದರೂ ಬೇಡ. ನಿನ್ನ ಬಾಯಿಂದ ಆ ಮಾತು ಬಂದರೆ ನನ್ನ ಕೈ ನಿಲ್ಲಬೇಕು. ಯಾವಾಗಲೂ.

ನಾಲ್ಕು, ಹನ್ನೊಂದನೆಯದು. ಕಾರಣವಿಲ್ಲ. ಇಷ್ಟವಿಲ್ಲ.

"ಬೇಕು" ಆರು ಇವೆ. ಅದರಲ್ಲಿ ಒಂದನ್ನು ಬದಲಿಸಿದ್ದೇನೆ. ಕಣ್ಣಿಗೆ ಬಟ್ಟೆ ನಿನಗಲ್ಲ, ನನಗೆ. ಹೇಳುವವಳು ನೀನು, ಕೇಳುವವನು ನಾನು. ದಿನವಿಡೀ ಸಮುದ್ರ ನೋಡಿ ನೋಡಿ ನನಗೆ ಏನೂ ನೋಡದೆ ಇರಬೇಕು ಅನ್ನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.

ಇನ್ನೊಂದು, ನಿನ್ನ ಹಾಳೆಯಲ್ಲಿ ಇಲ್ಲದ್ದು. ಕಾದಂಬರಿಯನ್ನು ನೀನು ಗಟ್ಟಿಯಾಗಿ ಓದು, ನಾನು ಕೇಳುತ್ತೇನೆ.

ಇದನ್ನು ಓದಿ ನೀನು ಕಾರ್ನಾರ್‌ವನ್‌ಗೆ ಹೋಗಬಹುದು. ಹೋದರೂ ಇದರಲ್ಲಿ ಒಂದು ಅಕ್ಷರ ಬದಲಿಸುವುದಿಲ್ಲ.

ಬ್ರೋಡಿ


ಜೆರಾಲ್ಡ್‌ಟನ್
೯ ಜೂನ್

ಬ್ರೋಡಿ,

ಕಾಗದವನ್ನು ಧಕ್ಕೆಯ ಮೇಲೆಯೇ ಒಡೆದು ಓದಿದೆ. ಮನೆಯವರೆಗೆ ಕಾಯಲಿಲ್ಲ. ಸಿಗಡಿ ಚೀಲ ಇಳಿಸುವವರು "ಆಚೆ ಹೋಗೇ, ದಾರೀಲಿ ನಿಂತಿದ್ದೀಯ" ಎಂದು ಬೈದರು. ಆಚೆ ಹೋಗಿ ನಿಂತು ಮತ್ತೊಮ್ಮೆ ಓದಿದೆ.

ವೆರ್ನಾಳನ್ನು ಕೇಳಿದೆ, ನಿಲ್ಲಿಸುವ ಮಾತು ಗಂಡಸಿಗೂ ಉಂಟಾ ಎಂದು. "ಅಯ್ಯೋ ದೇವರೇ, ಅದನ್ನೂ ಹೇಳಬೇಕಿತ್ತಾ?" ಎಂದಳು. ನಮ್ಮಿಬ್ಬರಿಗೂ ಹೇಳಬೇಕಿತ್ತು. ಎರಡು ವರ್ಷದಲ್ಲಿ ನಿನಗೆ ಯಾವುದು ಬೇಡ ಎಂದು ನಾನು ಒಂದು ಸಲವೂ ಕೇಳಿಲ್ಲ. ಗಂಡಸರಿಗೆ ಎಲ್ಲವೂ ಬೇಕಿರುತ್ತದೆ ಎಂದು ಕಾದಂಬರಿಯಲ್ಲಿ ಓದಿದ್ದೆ.

ಮೊದಲ ಎರಡು "ಬೇಡ" ಓದುವಾಗ ತಲೆಯಾಡಿಸಿದೆ. ನಾಲ್ಕನೆಯದಕ್ಕೆ ನಗು ಬಂತು, ನನ್ನ ಹಾಳೆಯಲ್ಲೂ ಅದು "ಬೇಡ"ವೇ. ಮೂರನೆಯದರಿಂದ ನೋವಾಯಿತು. ನೋವಾಗಲಿಲ್ಲ ಎಂದು ಬರೆಯುವುದಿಲ್ಲ. ನಾನು ಆ ಕಾದಂಬರಿಯನ್ನು ಮತ್ತೆ ಮತ್ತೆ ತೆಗೆಯುತ್ತಿದ್ದದ್ದು ಅದೊಂದಕ್ಕೇ. ಆವತ್ತೆಲ್ಲ ಸಿಟ್ಟಿತ್ತು. ನಿನ್ನ ಮೇಲೂ ಅಲ್ಲ, ಯಾರ ಮೇಲೋ. ಮರುದಿನ ಆ ಪುಟವನ್ನು ಮತ್ತೆ ಓದಿದೆ. ಅಲ್ಲಿ ಅದು ಚೆನ್ನಾಗಿಯೇ ಇದೆ. ಅಲ್ಲೇ ಇರಲಿ. ನನ್ನ ತಲೆಯೊಳಗೆ ಇರಲು ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ, ನಮ್ಮ ಹಾಸಿಗೆಗೆ ಬರಲು ಬೇಕು. ಅಷ್ಟು ವ್ಯತ್ಯಾಸ ನನಗೆ ಅರ್ಥವಾಗುತ್ತದೆ.

ಕಣ್ಣಿಗೆ ಬಟ್ಟೆ: ಆಗಲಿ. ಹೇಳುವವಳು ನಾನು ಎಂದಿದ್ದೀಯ. ನನಗೆ ಅದು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಮಧ್ಯದಲ್ಲಿ ನಗು ಬರಬಹುದು. ಬೇಸರಪಡಬೇಡ. ಗಟ್ಟಿಯಾಗಿ ಓದುವುದು: ಆಗಲಿ. ಆದರೆ ದ್ವೀಪದಲ್ಲಿ ಬೇಡ. ನುನ್ಸಿಯೊ ಶೆಡ್ಡಿಗೂ ನಮಗೂ ನಡುವೆ ಒಂದು ತಗಡು. ಸೀಸನ್ ಮುಗಿದು ಊರಿಗೆ ಬಂದ ಮೇಲೆ. ಇದು ನನ್ನ ಹಾಳೆಗೆ ಆರನೆಯ "ಬೇಡ" ಎಂದು ಸೇರಿಸಿಕೊ.

ಕರ್ಸ್ಟಿಗೆ ನಿನ್ನೆ ಫೋನ್ ಮಾಡಿ ಬರುವುದಿಲ್ಲ ಎಂದೆ. "ಏನೇ, ಕ್ಷಮೆ ಕೇಳಿದ್ನಾ?" ಎಂದಳು. "ಅದಕ್ಕಲ್ಲ, ಬೇಡ ಅಂದ" ಎಂದೆ. "ನಿಂಗೆ ಹುಚ್ಚು" ಎಂದಳು. ವಿವರಿಸಲು ಹೋಗಲಿಲ್ಲ.

ಗುರುವಾರದ ದೋಣಿಗೆ ಬರುತ್ತೇನೆ. ಬಂದ ದಿನ ಏನೂ ಬೇಡ, ಟೀ ಮಾಡು, ಕೂತು ಮಾತಾಡೋಣ. ಕಾಗದದಲ್ಲಿ ಬರೆಯುವುದು ಸುಲಭ, ಎದುರಿಗೆ ನಾನು ಮುಖ ಸಪ್ಪಗೆ ಮಾಡಿಕೊಂಡು ಕೂತರೆ ನೀನು ಮತ್ತೆ ಹೂಂ ಎನ್ನುವವನೇ. ಅದಕ್ಕೆ ಆ ಮೂರನೆಯದನ್ನು ನನ್ನ ಮುಖ ನೋಡಿಕೊಂಡು, ಬಾಯಿಬಿಟ್ಟು ಇನ್ನೊಂದು ಸಲ ಹೇಳು. ನಾನು ಖಂಡಿತ ಮುಖ ಸಪ್ಪಗೆ ಮಾಡುತ್ತೇನೆ. ನೀನು ಹೇಳಿ ಮುಗಿಸು.

ಟೆಗನ್